ಮಗಳ ಪಾಲಿನ ಕೂಗು

ಫೆಸ್ ನಗರದ ಹಳೆಯ ಪೇಟೆಯ ಒಂದು ಓಣಿಯಲ್ಲಿ ಅಂದು ಬೆಳಿಗ್ಗೆ ತೀರ್ಮಾನವಾಗಬೇಕಿದ್ದ ಸಂಗತಿ ಅತ್ಯಂತ ಗಂಭೀರವಾದದ್ದು: ಬತೂಲ್ ಹೇಗೆ ಕೂಗುತ್ತಾಳೆ?

ಶಾಲೆಯ ಕೊನೆಯ ಪರೀಕ್ಷೆ ಪಾಸಾದ ಮಗುವಿನ ತಾಯಿ ಕಿಟಕಿಗೆ ಬಂದು, ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರೇ ಓಣಿಗೆ ಫಲಿತಾಂಶ ತಿಳಿದಂತೆ. ಆದರೆ ಬತೂಲಳಿಗೆ ಕೂಗೇ ಕಸುಬು. ಮದುವಣಗಿತ್ತಿಯರನ್ನು ಸಿಂಗರಿಸುವ ಲಲ್ಲಾ ಝಹೂರಳ ಕೈಕೆಳಗೆ ಹನ್ನೆರಡು ವರ್ಷ. ವಧು ಏಳು ಸಲ ಉಡುಪು ಬದಲಿಸಿದರೆ ಏಳು ಸಲ ಕೂಗಬೇಕು. ತಲೆ ಸಿಡಿಯುತ್ತಿದ್ದರೂ ಹಲ್ಲು ಕಾಣಬೇಕು. ಈಚೆಗೆ ಆ ನಗು ಮುಖ ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಸ್ವಂತ ಅಣ್ಣನ ಸಾವಿನ ಮನೆಯಲ್ಲೂ ಹಲ್ಲು ಕಿರಿದುಕೊಂಡು ಕೂತಿದ್ದಳು. ಅತ್ತಿಗೆ ಇಂದಿಗೂ ಮಾತು ಬಿಟ್ಟಿದ್ದಾಳೆ.

"ಅಮ್ಮಾ, ಕೂಲಿ ಕೂಗು ಬೇಡ," ಎಂದಿದ್ದಳು ಮಗಳು ನುಹೈಲಾ. "ಅದು ಊರಿಗೆಲ್ಲ ಸಿಗತ್ತೆ. ನನಗೆ ನಿಜವಾದ್ದು ಒಂದೇ ಒಂದು ಕೊಡು."

"ಕೊಡದೆ ಇನ್ನೇನು, ಬಚ್ಚಿಟ್ಕೋತೀನಾ?" ಎಂದಿದ್ದಳು ಬತೂಲ್. ಒಳಗೆ ಅಂಥದ್ದು ಒಂದಾದರೂ ಉಳಿದಿದೆಯೋ ಇಲ್ಲವೋ ಎಂದು ಮೂರು ದಿನದಿಂದ ದಿಗಿಲು.

ಹತ್ತು ಗಂಟೆಗೆ ನುಹೈಲಾ ಫೋನಿಗೆ ಬಂದ ಫಲಿತಾಂಶವನ್ನು ಎರಡು ಸಲ ಓದಿ, "ಪಾಸು" ಎಂದು ಮಂಚದ ಮೇಲೆ ಹತ್ತಿ ಕುಣಿದಳು. ಬತೂಲ್ ಕಿಟಕಿಗೆ ಓಡಿ ಬಾಯಿ ತೆರೆದಳು. ಬಾಯಿ ತನಗೆ ಗೊತ್ತಿದ್ದನ್ನು ಮಾಡಿತು: ಅಳತೆ ತಪ್ಪದ ಕೂಗು, ಅದರ ಬೆನ್ನಿಗೇ ವಧುವನ್ನು ಪಲ್ಲಕ್ಕಿಯಲ್ಲಿ ಹೊತ್ತು ತರುವಾಗಿನ ಹಾಡು, ಒಂದು ಸಾಲೂ ಬಿಡದೆ.

ಬಾಗಿಲುಗಳು ತೆರೆದವು. ಎದುರುಮನೆಯ ಫತ್ತೂಮಾ ಮದುವೆಗೆ ಉಡುಗೊರೆಯಾಗಿ ಒಯ್ಯುವ, ಗೋಪುರದಾಕಾರದ ಸಕ್ಕರೆ ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಕೆಳಗೆ ಬಂದು ನಿಂತಳು. "ಗುಟ್ಟಾಗಿ ಮಗಳ ಮದುವೆ ಗೊತ್ತು ಮಾಡಿಬಿಟ್ಯಲ್ಲೇ ಬತೂಲ್. ಹುಡುಗ ಯಾರು? ಹೋಗ್ಲಿ ಬಿಡು, ಪರೀಕ್ಷೆ ಕೈಕೊಟ್ರೆ ಮದುವೆನಾದ್ರೂ ಆಗ್ಲಿ."

ನುಹೈಲಾ ಮಂಚದಿಂದ ಇಳಿದಳು. ಅವಳ ಮುಖ ಸಣ್ಣಗಾದದ್ದನ್ನು ಬತೂಲ್ ಕಂಡಳು, ಕಂಡದ್ದೇ ತನ್ನ ಮುಖದ ನಗು ಕಳಚಿ ಬಿತ್ತು.

"ಪರೀಕ್ಷೆ ಕೈಕೊಡೋಕೆ ಅವಳೇನು ನಿನ್ನ ಮಗನಾ? ಪಾಸಾಗಿದಾಳೆ ಕಣೇ ನನ್ನ ಮಗಳು. ಕೇಳ್ತಾ? ಪಾಸಾಗಿದಾಳೆ..."

ಮಾತು ಅರ್ಧಕ್ಕೆ ತುಂಡಾಗಿ ಅಲ್ಲಿಂದ ಒಂದು ಕೂಗು ಹೊರಟಿತು. ಲಯವಿಲ್ಲ, ಅಳತೆಯಿಲ್ಲ, ನಡುವೆ ಒಡೆಯಿತು, ಬಿಕ್ಕಿತು, ಮತ್ತೆ ಏರಿತು. ಛಾವಣಿಯ ಪಾರಿವಾಳಗಳೆಲ್ಲ ಎದ್ದವು. ಕಣ್ಣೀರು ಸುರಿಯುತ್ತಿತ್ತು, ಮೂಗೂ.

"ಇದು, ಅಮ್ಮಾ," ಎಂದು ನುಹೈಲಾ ಹಿಂದಿನಿಂದ ತಬ್ಬಿಕೊಂಡಳು. "ಇದೇ."

ಫತ್ತೂಮಾ ಸಕ್ಕರೆಯನ್ನು ವಾಪಸು ಒಯ್ಯಲಿಲ್ಲ. ಬತೂಲಳ ಗಂಟಲು ಎರಡು ವಾರ ಕಟ್ಟಿತ್ತು. ಆ ತಿಂಗಳ ನಾಲ್ಕು ಮದುವೆಗಳಿಗೆ ಬೇರೊಬ್ಬಳು ಹೋದಳು.