ಆಯಸ್ಕಾಂತಕ್ಕೆ ಅಂಟದ್ದು

ಮಗಳು ಹನ್ನೆರಡು ದಿನದ ಕೂಸಿನೊಂದಿಗೆ ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೇ ಬರುವವಳಿದ್ದಳು. ಇನ್ನು ಒಂದು ಗಂಟೆಯೂ ಉಳಿದಿರಲಿಲ್ಲ. ಲೇತ್ ಮೇಸ್ತ್ರಿ ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ.

ಹಿಂದಿನ ಕೋಣೆಯ ಒಂದು ಗೋಡೆಗೆ ಅವರ ಲೋಹ ಕಡೆಯುವ ಲೇತು, ಎದುರು ಗೋಡೆಗೆ ಹೆಂಡತಿಯ ವಾಷಿಂಗ್ ಮಷೀನು. ನಡುವೆ ನಾಲ್ಕೇ ಹೆಜ್ಜೆ. ಕಾರ್ಖಾನೆ ಬಿಟ್ಟ ಮೇಲೂ ಅವರನ್ನು ಮೇಸ್ತ್ರಿಯಾಗಿ ಉಳಿಸಿದ್ದು ಆ ಲೇತು. ಆದರೆ ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಅಪ್ಪ, ಮಗು ಬಟ್ಟೇಲಿ ಒಂದೇ ಒಂದು ಚೂರು ಸಿಕ್ಕಿದ್ರೂ ಅವತ್ತೇ ಲೇತು ಹೊರಗೆ." ಅವರು ಮಾತು ಕೊಟ್ಟಿದ್ದರು. ಲೋಹದ ಚೂರನ್ನು ಬ್ರಷ್ಷಿನಿಂದ ಗುಡಿಸುವುದೇ ಹೊರತು, ಗಾಳಿ ಪೈಪಿನಿಂದ ಊದುವುದಿಲ್ಲ.

ಇವತ್ತು ಬೆಳಿಗ್ಗೆ ಊದಿಬಿಟ್ಟಿದ್ದರು. ಮೂವತ್ತು ವರ್ಷದ ರೂಢಿ, ಕೆಲಸ ಮುಗಿಯುತ್ತಲೇ ಕೈ ತಾನಾಗಿ ಪೈಪಿಗೆ ಹೋಗಿತ್ತು. ಬುಸ್ಸೆಂದ ಮೇಲೆ ತಲೆಯೆತ್ತಿದರೆ, ಎದುರಿಗೆ ಬಾಯ್ದೆರೆದ ಬುಟ್ಟಿ. ಅದರ ತುಂಬ ಕೂಸಿನ ಅಂಗಿಗಳು. ಲೇತಿನ ಸದ್ದಿನಲ್ಲಿ ಹೆಂಡತಿ ಅದನ್ನು ಯಾವಾಗ ತಂದಿಟ್ಟರೋ ಗೊತ್ತಾಗಿರಲಿಲ್ಲ.

ಹದಿನಾಲ್ಕು ಅಂಗಿಗಳನ್ನೂ ಮೇಜಿನ ಮೇಲೆ ಹರಡಿ, ಒಂದೊಂದರ ಮೇಲೂ ಆಯಸ್ಕಾಂತ ಆಡಿಸಿದರು.

"ಏನ್ರೀ, ಇಸ್ತ್ರೀನಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಇಷ್ಟು ವರ್ಷದಲ್ಲಿ ನನ್ನದೊಂದು ಕರ್ಚೀಫಿಗೂ ಆ ಭಾಗ್ಯ ಇರಲಿಲ್ಲ!"

"ಸುಮ್ನೆ ಒಂದು ಪರೀಕ್ಷೆ."

"ಪಾಸೋ, ಫೇಲೋ?"

ಆಯಸ್ಕಾಂತಕ್ಕೆ ಏನೂ ಅಂಟಿರಲಿಲ್ಲ. "ಪಾಸು ಕಣೇ."

ಹೆಂಡತಿ ಆಚೆ ಹೋದರು. ಮೇಸ್ತ್ರಿ ಉಸಿರುಬಿಟ್ಟು ಲೇತು ಒರೆಸಲು ಬಗ್ಗಿದರು. ಕತ್ತರಿಸುವ ಉಳಿಯ ತುದಿಯಲ್ಲಿ ಏನೋ ಹಳದಿಯಾಗಿ ಮಿನುಗಿತು. ಬೆಳಿಗ್ಗೆ ಕಡೆದದ್ದು ಕಬ್ಬಿಣವಲ್ಲ, ಪಕ್ಕದ ಮನೆಯ ನಲ್ಲಿಗೊಂದು ಹಿತ್ತಾಳೆಯ ತುಂಡು! ಹಿತ್ತಾಳೆಯನ್ನು ಆಯಸ್ಕಾಂತ ತಿರುಗಿಯೂ ನೋಡುವುದಿಲ್ಲ. ಕಬ್ಬಿಣದಂತೆ ಅದು ಸುರುಳಿಯಾಗಿಯೂ ಬರುವುದಿಲ್ಲ, ಸೂಜಿಯಂತೆ ಸಿಡಿಯುತ್ತದೆ.

ಇನ್ನು ಉಳಿದ ಉಪಕರಣ ಒಂದೇ. ಅಂಗಿಗಳನ್ನು ಒಂದೊಂದಾಗಿ ಎತ್ತಿ ತಮ್ಮ ಕೆನ್ನೆಗೆ ಸವರಿಕೊಂಡರು. ಏಳನೆಯದರ ಕತ್ತಿನ ಹೊಲಿಗೆ ಚುಚ್ಚಿತು. ಅಲ್ಲಿಂದ ಕಿತ್ತ ಚೂರು ಕೂದಲಿಗಿಂತ ತುಸು ದಪ್ಪ, ಅಷ್ಟೇ. ಕಿಟಕಿ ತೆರೆದೇ ಇತ್ತು. ಒಂದು ಸಲ ಬೆರಳು ಕೊಡವಿದರೆ ಮುಗಿಯುತ್ತಿತ್ತು. ಕಿಟಕಿಯವರೆಗೆ ಹೋದರು. ವಾಪಸು ಬಂದರು. ಮತ್ತೆ ಹೋದರು. ಕೊನೆಗೆ ಅಡುಗೆಮನೆಗೆ ಹೋಗಿ, ಚೂರನ್ನು ಹೆಂಡತಿಯ ಅಂಗೈಗೆ ಒತ್ತಿದರು.

"ಇದೇನ್ರೀ, ಚಿನ್ನಾನಾ?"

"ಹಿತ್ತಾಳೆ. ಮಗು ಅಂಗೀಲಿತ್ತು. ಪೈಪು ಊದಿದ್ದು ನಾನೇ."

ಹೆಂಡತಿಯ ನಗು ಅಲ್ಲೇ ನಿಂತಿತು. ಹಿಂದಿನ ಕೋಣೆಗೆ ಹೋಗಿ ಹದಿನಾಲ್ಕು ಅಂಗಿಗಳನ್ನೂ ಗಂಟು ಕಟ್ಟಿ ಮೂಲೆಗೆಸೆದರು. "ಅವಳಿಗೆ ಏನಂತೀರಿ?"

ಅಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೇಳಿಸಿತು. ಮೇಸ್ತ್ರಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದು ಬಾಗಿಲಿಗೆ ಬಂದರು.

"ತಗೊಳ್ಳಿ ಅಪ್ಪ, ನಿಮ್ಮ ಮೊಮ್ಮಗಳು," ಎಂದು ಮಗಳು ಕೂಸನ್ನು ಮುಂದೆ ಹಿಡಿದಳು.

ಅವರು ಬಲ ಅಂಗೈಯನ್ನು ಕೆನ್ನೆಯ ಮೇಲೆ ನಿಧಾನವಾಗಿ ಎಳೆದರು. ಆಮೇಲೆ ಎಡದ್ದನ್ನು. ಏನೂ ಚುಚ್ಚಲಿಲ್ಲ. ಆದರೂ ತೋಳು ಚಾಚಲಿಲ್ಲ.

"ಮೊದಲು ಹೇಳ್ಬಿಡ್ತೀನಿ ಕಣಮ್ಮ," ಎಂದರು. "ಲೇತು ಎತ್ತೋಕೆ ಆರು ಜನ ಬೇಕು. ನಾಳೇನೇ ಕರೆಸ್ತೀನಿ."