ಹೂಂ ಅಂದುಬಿಟ್ಟೆ

ಬಾಲ ಚೆನ್ನಾಗಿ ಬಂದಿದೆ, ನರಿಯಪ್ಪನ ಬಾಲ, ಕಚ್ಚೆಯಿಂದ ಹೊರಗೆ ಇಣುಕುವ ಹಾಗೆ, ಮಕ್ಕಳು ಬಿದ್ದು ಬಿದ್ದು ನಗುತ್ತವೆ, ಆದರೆ ಈ ಗೆರೆ, ಹಾಳು ಗೆರೆ, ನರಿಯ ಕಾಲಿನಿಂದ ಹೊರಟು ಅವನ ಮನೆಯ ಕಡೆಗೆ ಸೊಟ್ಟಸೊಟ್ಟಗೆ ಓಡಿದೆ — ಅಳಿಸಬೇಕು, ರಬ್ಬರು ಕೈಯಲ್ಲೇ ಇದೆ, ನಾಲ್ಕು ಗಂಟೆಗೆ ನಮ್ಮೂರು ಸಾಸಲಿಗೆ ಇದ್ದಿಲಿನಿಂದ ಓಡುವ ಬಸ್ಸು ಬರುತ್ತದೆ, ಅದರಲ್ಲಿ ಈ ಕೊನೆಯ ಚಿತ್ರ ಹೋಗದಿದ್ದರೆ ಮುಗಿಯಿತು, ಬೆಂಗಳೂರಿನ ಅಚ್ಚುಕೂಟದವನು ಹೇಳಿಯೇ ಇದ್ದಾನೆ, ಮೇಷ್ಟ್ರೇ, ಪೇಪರ್ ಸಿಗೋದೇ ಕಷ್ಟ, ಈ ಸಲ ತಪ್ಪಿದ್ರೆ ನಿಮ್ಮ ಮಕ್ಕಳ ಪುಸ್ತಕ ಯುದ್ಧ ಮುಗಿದ ಮೇಲೇ. ಯುದ್ಧ ಮುಗಿದ ಮೇಲೆ! ಎಲ್ಲದಕ್ಕೂ ಅದೇ ಮಾತು, ಸೀಮೆಎಣ್ಣೆಗೂ ಅದೇ, ಗೋಪಾಲಪ್ಪನಿಗೂ ಅದೇ. ನನ್ನ ಹೆಂಡತಿ ಕದಿರಮ್ಮನ ತಮ್ಮ, ನನ್ನ ಮಕ್ಕಳ ಸೋದರಮಾವ, ಸಿಪಾಯಿಯಾಗಿ ಬರ್ಮಾ ಗಡಿಗೆ ಹೋದವನು, ಐದು ತಿಂಗಳಿಂದ ಒಂದು ಕಾಗದವಿಲ್ಲ.

ದೀಪಕ್ಕೆ ಎಣ್ಣೆ ಇದ್ದಿದ್ದರೆ ರಾತ್ರಿಯೇ ಅತ್ತೆಯ ಬಾಯಿಂದ ಕಥೆ ಕೇಳಿ ಬರೆದುಕೊಳ್ಳುತ್ತಿದ್ದೆ, ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ. ಅತ್ತೆ ಅಮ್ಮಯಮ್ಮ ಮೊದಲೇ ಅಂದಿದ್ದಳು, ಬ್ಯಾಡ ಕಣಪ್ಪ, ಹಗಲೊತ್ತು ಕತೆ ಹೇಳಿದ್ರೆ ಮಕ್ಕಳ ಸೋದರಮಾವ ದಾರಿ ತಪ್ತಾನೆ, ನನ್ ಮಗ ಎಲ್ಲವ್ನೋ ಏನೋ. ನಾನು ಮಹಾ ಬುದ್ಧಿವಂತ, ಅಯ್ಯೋ ಅತ್ತೆ, ಹೂಂಗುಟ್ಟೋರಿದ್ರೆ ತಾನೆ ಕತೆ, ನಾನು ಬಾಯೇ ಬಿಡಲ್ಲ, ನೀವು ಗೋಡೆ ಕಡೆ ತಿರುಗಿ ಹೇಳ್ಕೊಳಿ, ಅದು ಬರೀ ಮಾತು, ಅಂದೆ. ಹಾಗೇ ಕೂತಳು ಪಾಪ, ಗೋಡೆಗೆ ಮುಖ ಮಾಡಿ — ನರಿಯಪ್ಪ ಹೊಸ ಅಳಿಯ, ಮಾವನ ಮನೆಗೆ ಹೋದ, ಕದ್ದು ಪಾಯಸದ ಗಡಿಗೆಗೆ ತಲೆ ತೂರಿಸಿದ, ತಲೆ ಸಿಕ್ಕಿಕೊಂಡಿತು, ಗಡಿಗೆ ಹೊತ್ತೇ ಊರಿಗೆ ಹೊರಟ, ಕಣ್ಣು ಕಾಣದು, ಕಂಡವರ ಬಾಗಿಲಲ್ಲೆಲ್ಲ ನಿಂತು ಅವ್ವಾ ನಾನು ಬಂದೆ ಅಂದ, ಯಾರೂ ಗುರುತು ಹಿಡಿಯಲಿಲ್ಲ — ನಗು ತಡೆಯಲಾಗಲಿಲ್ಲ, ಪೆನ್ಸಿಲು ಓಡುತ್ತಿತ್ತು, ಹೂಂ, ಆಮೇಲೆ? ಅಂದುಬಿಟ್ಟೆ. ಅಂದೇಬಿಟ್ಟೆ. ಅವಳು ತಿರುಗಿ ನೋಡಿದಳು, ಎದ್ದು ಹೋಗಿ ಒಲೆಯ ಮುಂದೆ ಕೂತಳು.

ಎಲ್ಲ ಮೂಢನಂಬಿಕೆ, ಪಾಠ ಹೇಳುವ ಮೇಷ್ಟ್ರು ನಾನು, ಸಾಸಲಿನ ಹಗಲಿಗೂ ಬರ್ಮಾಕ್ಕೂ ಏನು ಸಂಬಂಧ, ಹಾಗಾದರೆ ಅಂಚೆ ಪಿಳ್ಳಣ್ಣನ ಸೈಕಲ್ಲು ನಮ್ಮ ಮನೆ ದಾಟಿ ಹೋದಾಗೆಲ್ಲ ನಾನು ಬಾಗಿಲಿಗೆ ಯಾಕೆ ಓಡುತ್ತೇನೆ? ಇವತ್ತು ಬೆಳಿಗ್ಗೆ ಅತ್ತೆಗೆ ಚಿತ್ರ ತೋರಿಸಿದೆ, ನಗುತ್ತಾಳೆ ಅಂತ, ಗಡಿಗೆ ಹೊತ್ತು ಕೈ ಚಾಚಿ ತಡಕಾಡುವ ನರಿ, ದೂರದಲ್ಲಿ ಅವನ ಮನೆ. ನಗಲಿಲ್ಲ. ಇವನ್ಗೆ ದಾರಿ ಎಲ್ಲಪ್ಪ? ದಾರಿ ಇಲ್ಲ ಅತ್ತೆ, ಅದೇ ತಮಾಷೆ. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ನೀರು ಕುಡಿದು ಬರುವಷ್ಟರಲ್ಲಿ ಅವಳು ಪೆನ್ಸಿಲನ್ನು ಒನಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು ನರಿಗೆ ದಾರಿ ಎಳೆಯುತ್ತಿದ್ದಳು, ಒಂದಕ್ಷರ ಬಾರದವಳು, ತುಟಿ ಕಚ್ಚಿಕೊಂಡು.

ಇಲ್ಲ, ಅಳಿಸುವುದಿಲ್ಲ. ಅಚ್ಚುಕೂಟದವನು ಬೈದುಕೊಳ್ಳಲಿ, ಮಕ್ಕಳು ನಗದಿದ್ದರೆ ನಗದಿರಲಿ, ಮಸಿ ಅದ್ದಿ ಅವಳ ಗೆರೆಯ ಮೇಲೆಯೇ ತಿದ್ದುತ್ತೇನೆ, ಅವಳದು ಸೊಟ್ಟಾದಲ್ಲಿ ನನ್ನದೂ ಸೊಟ್ಟಾಗಲಿ, ಬೇಲಿ ದಾಟಿತು, ಅಂಗಳ ದಾಟಿತು, ಹೊಸಿಲ ಹತ್ತಿರ — ಇಲ್ಲಿ ನಿಂತಿದೆ. ಯಾಕೆ ನಿಂತಿದೆ? ನಾನೇ, ಅಯ್ಯೋ ಚಿತ್ರ ಹಾಳಾಯ್ತು ಅಂತ ಕೂಗಿ ಪೆನ್ಸಿಲು ಕಿತ್ತುಕೊಂಡಿದ್ದು ಇಲ್ಲೇ. ಅತ್ತೇ, ಬನ್ನಿ ಇಲ್ಲಿ, ಇದೊಂಚೂರು ಎಳೆದುಬಿಡಿ. ಒಲೆಯ ಮುಂದಿನಿಂದ ಅವಳ ದನಿ, ನಂಗೆಲ್ಲಿ ಬತ್ತದಪ್ಪ ಅವೆಲ್ಲ, ನೀನು ಓದ್ದೋನು, ನೀನೇ ಬರ್ಕೊ. ಕೆರೆ ಏರಿಯ ಮೇಲೆ ಬಸ್ಸಿನ ಸದ್ದು, ಮಸಿ ಒಣಗುತ್ತಿದೆ, ಗೆರೆ, ಹೊಸಿಲು, ನಡುವೆ ಅರ್ಧ ಬೆರಳು ಬಿಳಿ ಹಾಳೆ, ಅರ್ಧ ಬೆರಳು, ಇನ್ನು ಅರ್ಧವೇ ಬೆರಳು