ಮೋಲ್ಡಿಂಗ್ ಮೇಲೆ ನಿಂತ ನೀರು

ಕೋಗಿಲು ಊರಿನ ಚನ್ನಕೇಶವ ಹೊಲ ಬಿಟ್ಟು ಹತ್ತು ವರ್ಷವಾದರೂ ಪಾತಿ ಕಟ್ಟುವ ಚಟ ಬಿಟ್ಟಿಲ್ಲ. ಕೆಳಗಿನ ಮೂರ್ನಾಲ್ಕು ಬಾಡಿಗೆ ಮನೆ ಸಾಲದೆಂದು ಮೇಲೊಂದು ಅಂತಸ್ತು ಎಬ್ಬಿಸಿದ್ದರು. ತಾರಸಿಯ ಹೊಸ ಮೋಲ್ಡಿಂಗ್ ಬಿರುಕು ಬಿಡಬಾರದಲ್ಲ! ಅದರ ಮೇಲೆ ಗಾರೆಯಲ್ಲಿ ಪಾತಿ ಕಟ್ಟಿ ನೀರು ನಿಲ್ಲಿಸಿದರು. ಇಂಗಿದಷ್ಟೂ ತುಂಬುತ್ತಾ ಹೋದರು. ತಿಂಗಳಾಗುತ್ತಾ ಬಂದರೂ ಒಮ್ಮೆಯೂ ಖಾಲಿ ಮಾಡಲಿಲ್ಲ.

ಕೆಳಗೆ ಹೆಂಡತಿ ನಾಗಲಕ್ಷ್ಮಿಗೆ ಮೂರು ದಿನ ಸುಡುವ ಜ್ವರ. ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. ಸದ್ಯ, ಬಿಟ್ಟಿತು ಅಂದುಕೊಳ್ಳುವಷ್ಟರಲ್ಲಿ ಆಶಾ ಕಾರ್ಯಕರ್ತೆ ವನಿತಾ ಬಾಗಿಲಿಗೆ ಬಂದಳು.

"ಅಣ್ಣ, ಮನೇಲಿ ಯಾರಿಗಾದ್ರೂ ಜ್ವರ ಇದ್ಯಾ?"

"ಇಲ್ಲಮ್ಮ."

ಒಳಗಿಂದ ವಾಂತಿ ಮಾಡುವ ಸದ್ದು ಬಂತು.

"ಮತ್ತೆ ಅದ್ಯಾರು?"

"ನಮ್ಮೋಳೇ. ಜ್ವರ ಬಿಟ್ಟೋಯ್ತು. ಮೆಲ್ಲಗೆ ಮಾತಾಡಮ್ಮ, ಡೆಂಗ್ಯೂ ಮನೆ ಅಂತ ಗೊತ್ತಾದ್ರೆ ಇರೋ ಬಾಡ್ಗೆಯೋರೂ ಹೋಗ್ತಾರೆ, ಹೊಸಬ್ರೂ ಬರಲ್ಲ."

ವನಿತಾ ನೇರ ಒಳಗೆ ನಡೆದಳು. "ಅಕ್ಕ, ಹೊಟ್ಟೆ ನೋಯ್ತಿದ್ಯಾ?"

"ತುಂಬಾ ಕಣಮ್ಮ. ಹಲ್ಲುಜ್ಜಿದ್ರೆ ರಕ್ತ ಬಂತು. ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತರಿಸ್ಕೊಂಡೆ."

"ಅದನ್ನ ಮುಟ್ಲೇಬೇಡಿ, ರಕ್ತಸ್ರಾವ ಜಾಸ್ತಿಯಾಗತ್ತೆ. ಅಣ್ಣ, ಡೆಂಗ್ಯೂ ಆದ್ರೆ ಇದು ಬೂದಿ ಮುಚ್ಚಿದ ಕೆಂಡ. ಜ್ವರ ಬಿಟ್ಟ ಮೇಲೇ ಅಪಾಯ. ಈಗ್ಲೇ ಆಸ್ಪತ್ರೆಗೆ ಹೊರಡಿ."

"ಸಂಜೆವರ್ಗೂ ನೋಡಣ..."

"ಬಾಡ್ಗೆಯೋರು ಹೋದ್ರೆ ಬೇರೆಯೋರು ಬರ್ತಾರೆ. ಅಕ್ಕ ಹೋದ್ರೆ?"

ಚನ್ನಕೇಶವ ಆಟೋ ಕರೆದರು. ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಅಂತಲೇ ಬಂತು. "ಸಂಜೆವರೆಗೆ ಕಾದಿದ್ದರೆ ಕೈಮೀರುತ್ತಿತ್ತು" ಎಂದು ಡಾಕ್ಟರು ಗದರಿ, ಅಡ್ಮಿಟ್ ಮಾಡಿಕೊಂಡರು.

ಮಧ್ಯಾಹ್ನ ವನಿತಾ, ಬಟ್ಟೆ ಒಯ್ಯಲು ಮನೆಗೆ ಬಂದ ಚನ್ನಕೇಶವರ ಜೊತೆ ತಾರಸಿಗೆ ಹತ್ತಿ, ಪಾತಿಯ ನೀರನ್ನು ಬಿಳಿ ತಟ್ಟೆಗೆ ಬಗ್ಗಿಸಿದಳು. ಸೊಳ್ಳೆಯ ಮರಿಹುಳುಗಳು ವಿಲವಿಲ ಒದ್ದಾಡಿದವು.

"ಒಳ್ಳೆ ಬೆಳೆ ತೆಗ್ದಿದ್ದೀರಣ್ಣ!"

"ಸೊಳ್ಳೆ ಹುಟ್ಟೋದು ಚರಂಡೀಲಲ್ವಾ? ಇದು ಬೋರ್ ನೀರು ಕಣಮ್ಮ!"

"ಡೆಂಗ್ಯೂ ಸೊಳ್ಳೆಗೆ ಇಂಥ ತಿಳಿ ನೀರೇ ಇಷ್ಟ. ನೀರು ನಿಲ್ಲಿಸ್ಬೇಡಿ. ಗೋಣಿಚೀಲ ಹಾಸಿ, ದಿನಾ ನೆನೆಸ್ತಾ ಇರಿ. ಮೋಲ್ಡಿಂಗೂ ಗಟ್ಟಿಯಾಗತ್ತೆ, ಸೊಳ್ಳೇನೂ ಹುಟ್ಟಲ್ಲ."

ಚನ್ನಕೇಶವ ಹಾರೆ ತಂದು ಪಾತಿ ಒಡೆದರು. ಆಮೇಲೆ ಬಾಡಿಗೆಯವರ ಬಾಗಿಲು ಒಂದೊಂದಾಗಿ ತಟ್ಟಿದರು. "ನಮ್ಮನೇಲಿ ಡೆಂಗ್ಯೂ ಬಂದೈತೆ. ತಪ್ಪು ನಂದೇ. ಜ್ವರ ಬಂದ್ರೆ ಮುಚ್ಚಿಡ್ಬೇಡಿ" ಅಂದರು. ಯಾರೂ ಮನೆ ಖಾಲಿ ಮಾಡಲಿಲ್ಲ. ಆರನೇ ದಿನ ನಾಗಲಕ್ಷ್ಮಿ ಮನೆಗೆ ಬಂದರು.

ಓದುತ್ತಿರುವ ಅಣ್ಣ, ಅಕ್ಕ, ಇವತ್ತೇ ನಿಮ್ಮ ತಾರಸಿ ಹತ್ತಿ ನೋಡಿ. ಡ್ರಮ್ಮು, ಸಂಪು ಮುಚ್ಚಿಡಿ. ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಪಾತ್ರೆ, ತೊಟ್ಟಿ ಉಜ್ಜಿ ತೊಳೆಯಿರಿ. ಜ್ವರ ಬಿಟ್ಟಿತೆಂದು ಮೈಮರೆಯಬೇಡಿ. ಹೊಟ್ಟೆನೋವು, ವಾಂತಿ, ರಕ್ತ ಕಂಡರೆ ಒಂದು ಗಳಿಗೆಯೂ ಕಾಯಬೇಡಿ. ಆಶಾ ಕಾರ್ಯಕರ್ತೆ ಕೇಳಿದಾಗ ನಿಜ ಹೇಳಿ. ಬಾಡಿಗೆ ಬೋರ್ಡು ಇನ್ನೊಂದು ತಿಂಗಳು ನೇತಾಡಿದರೆ ನೇತಾಡಲಿ, ಮನೆಯವರು ಉಳಿಯಲಿ.